ನ್ಯೂರೆಂಬರ್ಗ್‌ಗೆ ಹೊಸದಾಗಿ ಬಂದ ತಂಗಿಗೆ: ಡಬ್ಬಿ, ಆಟ, ಮತ್ತೆ ಕೈತುತ್ತು

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ ಮೂರೂವರೆ ವರ್ಷ, ಸೆಪ್ಟೆಂಬರಿನಿಂದ ಕಿಂಡರ್‌ಗಾರ್ಟನ್, ಸಾಮಾನಿನ ಪೆಟ್ಟಿಗೆಗಳು ಇನ್ನೂ ಹಡಗಿನಲ್ಲಿ. ಮನೆಯಲ್ಲಿ ಆಡೋಕೆ ಏನೂ ಇಲ್ಲ, ಮಗುವನ್ನು ಹೇಗೆ ಆಡಿಸಲಿ? ಡಬ್ಬಿಗೆ ಏನು ಹಾಕಲಿ? ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರಂತೆ, ನಿಜವಾ? ಜರ್ಮನ್ ಬರದೆ ಮಗು ಒದ್ದಾಡುತ್ತಾ? ಆಗಸ್ಟಿನಲ್ಲಿ ಬರುವ ಅತ್ತೆ ಕೈಲಿ ಏನು ತರಿಸಲಿ? ಇಷ್ಟನ್ನೂ ಒಂದೇ ಉಸಿರಿಗೆ ಕೇಳಿದ್ದೀರಿ. ಕೇಳಿದ್ದು ಒಳ್ಳೇದಾಯಿತು. ನಾನು ಬಂದಾಗಲೂ ಇವೇ ಪ್ರಶ್ನೆಗಳಿದ್ದವು, ಉತ್ತರ ಹೇಳುವವರು ಅಕ್ಕಪಕ್ಕ ಯಾರೂ ಇರಲಿಲ್ಲ.

ನಾವು ಮಂಡ್ಯದಿಂದ ಜರ್ಮನಿಯ ಈ ಊರಿಗೆ ಬಂದಿದ್ದು 2008ರ ನವೆಂಬರಿನಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಗನಿಗೆ ಆಗಷ್ಟೇ ಮೂರು ತುಂಬಿತ್ತು. ಕೈಚೀಲದಲ್ಲಿ ಚನ್ನಪಟ್ಟಣದ ಒಂದು ಬುಗುರಿ, ಒಂದು ಮರದ ರೈಲು ಇದ್ದವು, ಅಷ್ಟೇ. ಬಂದು ಸೇರಿರೋದು ಆಟಿಕೆಗಳ ಊರಿಗೇ ಅಂತ ಆಮೇಲೆ ಗೊತ್ತಾಯಿತು. 1950ರಿಂದ ಇಲ್ಲಿ ದೊಡ್ಡ ಆಟಿಕೆ ಮೇಳ ನಡೆಯುತ್ತದೆ. ಅದು ವ್ಯಾಪಾರಿಗಳಿಗೆ ಮಾತ್ರ, ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ. ಆದರೆ ಹಳೇ ಪೇಟೆಯಲ್ಲಿ ಆಟಿಕೆ ಮ್ಯೂಸಿಯಂ ಇದೆ, ಒಂದು ಮಳೆಯ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿನ ಮರದ ಗೊಂಬೆ, ತಗಡಿನ ರೈಲು ಎಲ್ಲ ಚೆನ್ನಾಗಿವೆ. ಆದರೂ ನಮ್ಮ ಹಾಲೆ ಮರದ ಗೊಂಬೆಯ ಅರಗಿನ ಹೊಳಪಿಗೆ ಅವು ಸಮ ಅಲ್ಲ ಅಂತ ನಾನು ಇವತ್ತಿಗೂ ವಾದ ಮಾಡುತ್ತೇನೆ. ಊರಿನ ಅಭಿಮಾನ ಅಂದುಕೊಂಡರೂ ಸರಿ.

ಚಿಕ್ಕ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಹೌದು, ಮಳೆಯಲ್ಲೂ ಬಿಡುತ್ತಾರೆ, ಚಳಿಯಲ್ಲೂ ಬಿಡುತ್ತಾರೆ. ಮಾಟ್ಶ್‌ಹೋಸೆ ಅಂತ ರಬ್ಬರಿನಂಥ ಪ್ಯಾಂಟ್ ಸಿಗುತ್ತದೆ, ಹೊಸದು ಬೇಡ, ಮಕ್ಕಳ ಹಳೇ ಬಟ್ಟೆ ಸಂತೆಯಲ್ಲಿ ತಗೊಳ್ಳಿ, ಒಂದು ಸೈಜ್ ದೊಡ್ಡದಿರಲಿ. ಶೀತ ಆಗುತ್ತದೆ ಅಂತ ಹೆದರಬೇಡಿ. ಆಗುತ್ತದೆ, ಹೋಗುತ್ತದೆ. ಭಾಷೆ ಬರುತ್ತದೆ, ಬಿಡಿ. ಅವಳಿಗೆ ನಿಮಗಿಂತ ಬೇಗ ಬರುತ್ತದೆ.

ಇನ್ನು ಡಬ್ಬಿ. ಅದಕ್ಕೆ ಮುಂಚೆ ನಾನೇ ಒಂದು ಪ್ರಶ್ನೆ ಕೇಳಬೇಕು. ಮಗಳು ತನ್ನ ಕೈಯಾರೆ ತಿನ್ನುತ್ತಾಳಾ?

ತಿನ್ನಲ್ಲ ಅಂದರೆ ನಾಚಿಕೆ ಪಡಬೇಡಿ. ನನ್ನ ಮಗನೂ ತಿನ್ನುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಹೇಗೆ ಅಂತ ನಿಮಗೆ ಹೇಳಬೇಕಾ? ಒಂದು ತಟ್ಟೆ, ಮೂರು ಮಕ್ಕಳು, ಒಂದು ಕಥೆ. ಬಸ್ಸಾರು ಕಲಸಿದ ಅನ್ನ, ಮುದ್ದೆಯಾದರೆ ಚೂರು ಮುರಿದು ಸಾರಲ್ಲಿ ಅದ್ದಿ, ‘ನುಂಗು, ಅಗೀಬೇಡ’ ಅಂತ ಹೇಳಿಕೊಡೋದು. ಐದು ವರ್ಷದವರೆಗೂ ಅಜ್ಜಿ ಕೈತುತ್ತೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಿಂಡರ್‌ಗಾರ್ಟನ್‌ನಲ್ಲಿ ತುತ್ತು ಕೊಡುವವರು ಯಾರೂ ಇಲ್ಲ.

ಮೊದಲ ಕೆಲವು ದಿನ ನಿಮ್ಮನ್ನೂ ಒಳಗೆ ಕೂರಿಸಿಕೊಳ್ಳುತ್ತಾರೆ, ಮಗು ಹೊಂದಿಕೊಳ್ಳಲಿ ಅಂತ. ಆಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ಕಳಿಸುತ್ತಾರೆ. ನಾನು ಹೊರಗೆ ಬಂದ ದಿನದಿಂದ ಮಗನ ಡಬ್ಬಿ ಹೋದ ಹಾಗೇ ವಾಪಸ್ ಬರೋಕೆ ಶುರುವಾಯಿತು. ಎರಡು ಕ್ಲಿಪ್ಪಿನ ನೀಲಿ ಡಬ್ಬಿ. ಒಳಗೆ ಚಪಾತಿ ಸುರುಳಿ, ಸುತ್ತಿದ ಹಾಗೇ. ಕೇಳಿದರೆ ಟೀಚರ್ ನಗುತ್ತಾ, ಇವತ್ತು ಅವನಿಗೆ ಹಸಿವಿರಲಿಲ್ಲ ಅನ್ನೋರು. ಮನೆಗೆ ಹೋಗೋಕೆ ಊಬಾನ್, ಅಂದರೆ ನೆಲದಡಿಯ ರೈಲಿನ ಸ್ಟೇಷನ್ನಿಗೆ ಇಳಿದ ತಕ್ಷಣ ಬೆಂಚಿನ ಮೇಲೆ ಕೂತು ಗುಬ್ಬಿ ಮರಿಯ ಹಾಗೆ ಬಾಯಿ ತೆರೆಯುತ್ತಿದ್ದ. ನಾನು ಅಲ್ಲೇ ಚಪಾತಿ ಮುರಿದು ಮುರಿದು ತಿನ್ನಿಸುತ್ತಿದ್ದೆ. ರೈಲು ಬಂದು ಹೋಗೋದು, ಇನ್ನೊಂದು ಬರೋದು. ಹಸಿದ ಮಗು ಅದು. ಹಸಿವಿರಲಿಲ್ಲವಂತೆ! ಮನೆಯವರ ಹತ್ತಿರ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ನನ್ನ ಮುರುಕು ಜರ್ಮನ್‌ನಲ್ಲೇ ಕೂತು ಕೇಳಿದೆ. ವಿಷಯ ಇಷ್ಟು. ಅವರು ದಿನಾ ಅವನ ಹತ್ತಿರ ಬಂದು ‘ಡಬ್ಬಿ ತೆಗೆದುಕೊಡಲಾ?’ ಅಂತ ಕೇಳುತ್ತಿದ್ದರು. ಅವನು ನಾಚಿಕೊಂಡು ಬೇಡ ಅಂತ ತಲೆ ಆಡಿಸುತ್ತಿದ್ದ. ಅವರು ಸರಿ ಅಂತ ಹೋಗುತ್ತಿದ್ದರು. ಮುಗೀತು.

ನಮ್ಮಲ್ಲಿ ಬೇಡ ಅಂದವರನ್ನು ಇನ್ನೊಂದು ಸಲ ಕೇಳಲೇಬೇಕು, ಅಲ್ವಾ? ಒತ್ತಾಯ ಮಾಡಿ ಬಡಿಸಿದರೇನೇ ಊಟ. ಮೂರು ವರ್ಷದ ಮಗುವಿಗೂ ಅದು ಗೊತ್ತು. ಅವನು ಎರಡನೇ ಸಲ ಕೇಳಲಿ ಅಂತ ಕಾಯುತ್ತಾ ಕೂತಿದ್ದ. ಇಲ್ಲಿ ಬೇಡ ಅಂದರೆ ಬೇಡ. ಮಗುವಿನ ಹೊಟ್ಟೆ ಮಗುವಿಗೆ ಗೊತ್ತು, ಬಲವಂತ ಮಾಡೋದು ತಪ್ಪು ಅಂತ ಅವರು ನಂಬುತ್ತಾರೆ. ಅಸಡ್ಡೆಯಿಂದ ಹಾಗೆ ಮಾಡೋದಲ್ಲ, ಮರ್ಯಾದೆ ಕೊಡೋದೇ ಹಾಗೆ. ದೊಡ್ಡವರಿಗೂ ಇದೇ ಲೆಕ್ಕ. ಪಕ್ಕದ ಮನೆಯವರು ಕಾಫಿ ಕುಡೀತೀರಾ ಅಂದಾಗ ಸಂಕೋಚಕ್ಕೆ ಬೇಡ ಅಂದಿರೋ, ಆ ಕಾಫಿ ಮತ್ತೆ ಬರುವುದಿಲ್ಲ.

ಅದಕ್ಕೇ ಹೇಳೋದು, ಸೆಪ್ಟೆಂಬರಿಗೆ ಮುಂಚೆ ಮಗಳಿಗೆ ಮೂರು ಮಾತು ಕಲಿಸಿ. ‘ಇಖ್ ಹಾಬೆ ಹುಂಗರ್’, ಹಸಿವಾಗಿದೆ. ‘ಬಿಟ್ಟೆ ಹೆಲ್ಫೆನ್’, ಸಹಾಯ ಮಾಡಿ. ‘ನೋಖ್ ಮಾಲ್, ಬಿಟ್ಟೆ’, ಇನ್ನೊಂದು ಸಲ. ಬಣ್ಣಗಳ ಹೆಸರು, ಒಂದು ಎರಡು ಮೂರು ಎಲ್ಲ ಅವರೇ ಕಲಿಸುತ್ತಾರೆ. ಡಬ್ಬಿಯನ್ನು ಈಗಲೇ ತಂದು, ಮಗಳನ್ನು ನೆಲದ ಮೇಲೆ ಕೂರಿಸಿ, ದಿನಾ ಅವಳ ಕೈಲೇ ತೆಗೆಸಿ. ಕ್ಲಿಪ್ ಗಟ್ಟಿ ಇದ್ದರೆ ಡಬ್ಬಿ ಬದಲಾಯಿಸಿ.

ಒಳಗೆ ಹಾಕೋದು ಕೈಯಲ್ಲಿ ಹಿಡಿಯುವಂಥದ್ದು ಇರಲಿ. ಪಡ್ಡು. ಪುಟ್ಟ ಇಡ್ಲಿ, ತುಪ್ಪ ಸವರಿ. ಅಕ್ಕಿ ರೊಟ್ಟಿಯನ್ನು ಮೆತ್ತಗೆ ಬೇಯಿಸಿ ಉದ್ದುದ್ದ ಕತ್ತರಿಸಿದ್ದು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಗೆದ್ದಿದ್ದು ನುಚ್ಚಿನುಂಡೆ. ಇಲ್ಲಿ ಯಾವ ಅಂಗಡಿಗೆ ಹೋದರೂ ಡಿಲ್ ಅಂತ ಕಟ್ಟು ಸಿಗುತ್ತದೆ, ಸೌತೆಕಾಯಿಗೆ, ಮೀನಿಗೆ ಹಾಕುತ್ತಾರೆ. ಅದು ನಮ್ಮ ಸಬ್ಬಸಿಗೆ ಸೊಪ್ಪೇ. ತೊಗರಿಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಸೊಪ್ಪು ಕಾಯಿತುರಿ ಹಾಕಿ, ಮಗುವಿನ ಮುಷ್ಟಿಗೆ ಸರಿಯಾಗಿ ಉಂಡೆ ಮಾಡಿ ಬೇಯಿಸಿ. ಮೆಣಸಿನಕಾಯಿ ಬೇಡ. ಆರಿದರೂ ಚೆನ್ನಾಗಿರುತ್ತದೆ. ಉಪ್ಪಿಟ್ಟಿಗೆ ಹಾರ್ಟ್‌ವೈಟ್ಸೆನ್‌ಗ್ರೀಸ್ ಅಂತ ಬರೆದಿರೋ ರವೆ ತಗೊಳ್ಳಿ. ವೈಖ್‌ವೈಟ್ಸೆನ್ ಅಂತ ಇದ್ದರೆ ಅದು ಅಂಟಂಟಾಗಿ ಗಂಜಿ ಆಗುತ್ತದೆ. ಮೊಸರನ್ನಕ್ಕೆ ಮಿಲ್ಶ್‌ರೈಸ್ ಅಂತ ಸಿಗುವ ದುಂಡಕ್ಕಿ ಬಹಳ ಚೆನ್ನಾಗಿ ಹೊಂದುತ್ತದೆ, ಆದರೆ ಅದು ಚಮಚ ಬಂದ ಮೇಲೆ.

ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಹಾಕಬೇಡಿ. ಅಲರ್ಜಿ ಇರುವ ಮಕ್ಕಳಿಗೋಸ್ಕರ ಬಹಳ ಕಡೆ ಬೀಜ ತರಬೇಡಿ ಅನ್ನುತ್ತಾರೆ, ಮೊದಲೇ ಕೇಳಿಕೊಳ್ಳಿ. ಶೇಂಗಾ ಚಟ್ನಿಪುಡಿಯೂ ಅದೇ ಲೆಕ್ಕಕ್ಕೆ ಬರುತ್ತದೆ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ಸೀಳಿ ಹಾಕಿ. ನೀವು ಸಸ್ಯಾಹಾರಿಗಳಾದರೆ ಬರೀ ಹಾಗಂತ ಹೇಳಿದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಜೆಲಟಿನ್ ಬೇಡ ಅಂತ ಬಿಡಿಸಿ ಹೇಳಿ. ಹುಟ್ಟುಹಬ್ಬಕ್ಕೆ ಹಂಚುವ ಮೆತ್ತನೆ ಕರಡಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ.

ಈಗ ಆಟದ ಸಾಮಾನು. ನಿಜ ಹೇಳಬೇಕೆಂದರೆ ಹಡಗು ಇನ್ನೂ ತಡವಾದರೂ ಚಿಂತೆ ಇಲ್ಲ. ಎರಡು ಲೋಟ 405 ನಂಬರಿನ ಹಿಟ್ಟು, ಅದು ಇಲ್ಲಿನ ಮೈದಾ. ಒಂದು ಲೋಟ ಪುಡಿ ಉಪ್ಪು. ಒಂದು ಲೋಟ ನೀರು, ಒಟ್ಟಿಗೆ ಸುರಿಯದೆ ಸ್ವಲ್ಪ ಸ್ವಲ್ಪ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಗೆ ನಾದಿ. ಒಂದು ಪಾಲಿಗೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ. ಗಂಟೆಗಟ್ಟಲೆ ಕೂರುತ್ತಾಳೆ. ಬೆರಳಿಗೆ ಶಕ್ತಿ ಬರುತ್ತದೆ, ಡಬ್ಬಿ ಕ್ಲಿಪ್ಪಿಗೂ ಅದೇ ಬೇಕಾಗಿರೋದು. ತಿನ್ನದ ಹಾಗೆ ಮಾತ್ರ ನೋಡಿಕೊಳ್ಳಿ, ಅಷ್ಟು ಉಪ್ಪು ಮಗುವಿಗೆ ಅಪಾಯ. ಗೊಂಬೆಗಳನ್ನು ಒಂದೆರಡು ದಿನ ಒಣಗಿಸಿ, ಸಣ್ಣ ಉರಿಯ ಓವನ್‌ನಲ್ಲಿಟ್ಟರೆ ಕಲ್ಲಾಗುತ್ತವೆ. ಗೌರಿ ಗಣೇಶನ ಹಬ್ಬಕ್ಕೆ ಗಣಪ ಮಾಡಿದರೆ ಮಾತ್ರ ಓವನ್ ಬೇಡ, ಹಾಗೇ ಒಣಗಿಸಿ. ಬಕೆಟ್ ನೀರಲ್ಲಿ ಬಿಟ್ಟರೆ ಕರಗುತ್ತಾನೆ.

ಅಳಗುಳಿ ಮಣೆಗೆ ಮೊಟ್ಟೆಯ ರಟ್ಟು ಸಾಕು. ಇಲ್ಲಿ ಮೊಟ್ಟೆ ಡಜನ್ ಲೆಕ್ಕದಲ್ಲಿ ಬರುವುದಿಲ್ಲ, ಹತ್ತು ಅಥವಾ ಆರು. ಹತ್ತರ ರಟ್ಟಿನಲ್ಲಿ ಐದೈದರ ಎರಡು ಸಾಲು. ಆರರ ರಟ್ಟಿನಿಂದ ನಾಲ್ಕು ಗುಳಿ ಕತ್ತರಿಸಿ ತುದಿಗೆ ಅಂಟಿಸಿ, ಏಳೇಳು ಆಯಿತು. ಹುಣಸೆ ಬೀಜ ಇದ್ದರೆ ದೊಡ್ಡವರ ಆಟಕ್ಕೆ ಗುಳಿಗೆ ನಾಲ್ಕು ಹಾಕಿ ಶುರು ಮಾಡಿ. ಮಗಳಿಗೆ ಒಣ ಪೆನ್ನೆ ಪಾಸ್ತಾ ಕೊಡಿ, ಬಾಯಿಗೆ ಹಾಕಿಕೊಂಡರೂ ಗೊತ್ತಾಗುತ್ತದೆ. ಸದ್ಯಕ್ಕೆ ಒಂದೊಂದು ಗುಳಿಗೆ ಒಂದೊಂದು ಹಾಕುತ್ತಾ ಹೋಗಲಿ, ಸವರೋದೆಲ್ಲ ಆಮೇಲೆ. ಹಸಿ ರಾಜ್ಮಾ ಮಾತ್ರ ಬಳಸಬೇಡಿ. ಬೇಯಿಸದ ರಾಜ್ಮಾ ಹೊಟ್ಟೆಗೆ ವಿಷ.

ಸೆಪ್ಟೆಂಬರ್ ಕೊನೆಗೆ ಪಾರ್ಕುಗಳಲ್ಲಿ ಕಾಡು ಚೆಸ್ಟ್‌ನಟ್ ಉದುರುತ್ತದೆ. ತಿನ್ನೋದಲ್ಲ, ಆಡೋದು. ಕಡ್ಡಿ ಚುಚ್ಚಿ ಹಸು, ಕುದುರೆ ಮಾಡುತ್ತಾರೆ. ಈ ಊರಿನದೇ ಇನ್ನೊಂದು ಗೊಂಬೆ ಕ್ರಿಸ್‌ಮಸ್ ಸಂತೆಯಲ್ಲಿ ಕಾಣುತ್ತದೆ. ಒಣ ಪ್ಲಮ್ ಹಣ್ಣನ್ನು ತಂತಿಗೆ ಪೋಣಿಸಿ ಕೈಕಾಲು, ವಾಲ್‌ನಟ್ ಮೇಲೆ ಮುಖ ಬರೆದು ತಲೆ. ಮನೆಯಲ್ಲೂ ಮಾಡಬಹುದು, ತಂತಿ ನೀವು ಬಗ್ಗಿಸಿಕೊಡಿ.

ಚೌಕಾಬಾರ ಬಿಡಬೇಡಿ. ಇಲ್ಲಿ ಮಕ್ಕಳ ರಸ್ತೆ ಚಾಕ್ ದಪ್ಪದಪ್ಪ ಸಿಗುತ್ತದೆ, ಅಂಗಳದಲ್ಲಿ ಐದೈದರ ಮನೆ ಬರೆದರೆ ಪಕ್ಕದ ಮಕ್ಕಳೂ ಬಂದು ನಿಲ್ಲುತ್ತಾರೆ. ಅವರಿಗೆ ಅದು ಹೊಸದೇನಲ್ಲ. ಇವರ ಮನೆಮನೆಯಲ್ಲಿರುವ ‘ಮೆನ್ಶ್ ಎರ್ಗರೆ ಡಿಖ್ ನಿಖ್ಟ್’ ಅನ್ನೋ ಆಟ ನಮ್ಮ ಪಗಡೆಯ ಸಂತಾನವೇ. 1914ರಿಂದ ದೊಡ್ಡದಾಗಿ ತಯಾರಾಗುತ್ತಾ ಬಂದಿದೆ. ನಾನು ಪಕ್ಕದ ಮನೆಯ ಅಜ್ಜಿಯ ಜೊತೆ ಮಾತಿಗೆ ಬಿದ್ದಿದ್ದೇ ಅದರಿಂದ. ಕವಡೆ ನಾಲ್ಕೂ ಮಕಾಡೆ ಬಿದ್ದರೆ ಎಂಟು ಅಂದಾಗ, ಅದು ಅನ್ಯಾಯ ಅಂತ ಜಗಳಕ್ಕೇ ಬಂದರು.

ನವೆಂಬರ್ 11ಕ್ಕೆ ಸಂತ ಮಾರ್ಟಿನ್ನನ ಹಬ್ಬ. ಮಕ್ಕಳೆಲ್ಲ ಕತ್ತಲಲ್ಲಿ ಲಾಟೀನು ಹಿಡಿದು ಹಾಡುತ್ತಾ ಹೋಗುತ್ತಾರೆ. ಬಲೂನು ಊದಿ, ಬಣ್ಣದ ತೆಳು ಕಾಗದದ ಚೂರುಗಳನ್ನು ಮೈದಾ ಅಂಟಿನಲ್ಲಿ ಹಚ್ಚಿ, ಒಣಗಿದ ಮೇಲೆ ಬಲೂನು ಒಡೆದರೆ ಆಯಿತು. ಆ ಹೊತ್ತಿಗೆ ನಮ್ಮ ದೀಪಾವಳಿಯೂ ಹಿಂದೆಯೋ ಮುಂದೆಯೋ ಇರುತ್ತದೆ, ಅದನ್ನೇ ಆಕಾಶಬುಟ್ಟಿ ಅಂತ ಕಿಟಕಿಗೆ ಕಟ್ಟಬಹುದು. ಆದರೆ ನೀವು ಕೈ ಹಾಕಿ ಚೆಂದ ಮಾಡೋಕೆ ಹೋಗಬೇಡಿ. ನಮ್ಮೂರಲ್ಲಿ ಸ್ಕೂಲ್ ಪ್ರಾಜೆಕ್ಟ್ ಅಂದರೆ ಅಮ್ಮಂದಿರು ರಾತ್ರಿಯೆಲ್ಲ ಕೂತು ಮಾಡೋದು. ಇಲ್ಲಿ ಮಗು ಮಾಡಿದ ಸೊಟ್ಟ ಲಾಟೀನಿಗೇ ಬೆಲೆ. ಇನ್ನೊಂದು, ಭಾನುವಾರ ಅಂಗಡಿ ಮುಚ್ಚಿರುತ್ತದೆ. ಕಾಗದ ಶನಿವಾರವೇ ತಂದಿಟ್ಟುಕೊಳ್ಳಿ.

ಇನ್ನು ನಿಮ್ಮ ಅತ್ತೆ. ಕವಡೆ ತರಲಿ, ಹುಣಸೆ ಬೀಜ ತರಲಿ, ರಾಗಿ ಹಿಟ್ಟು ಇಲ್ಲೂ ಸಿಗುತ್ತದೆ ಆದರೆ ಊರಿನದು ಊರಿನದೇ. ತುಪ್ಪ ತರಬಾರದು. ಹೊರಗಿನಿಂದ ಹಾಲಿನ ಪದಾರ್ಥ ತರೋಕೆ ಬಿಡುವುದಿಲ್ಲ, ಏರ್‌ಪೋರ್ಟಿನಲ್ಲಿ ತೆಗೆದು ಬಿಸಾಕುತ್ತಾರೆ. ಇಲ್ಲಿನ 250 ಗ್ರಾಂ ಬೆಣ್ಣೆ ತಂದು ಕಾಯಿಸಿ, ಘಮ ಘಮ ಅನ್ನುತ್ತದೆ.

ಅವರು ಬಂದ ಮೇಲೆ ಮೊಮ್ಮಗಳಿಗೆ ಕೈತುತ್ತು ಶುರು ಮಾಡುತ್ತಾರೆ, ನೋಡುತ್ತಿರಿ. ನೀವು ಕಷ್ಟಪಟ್ಟು ಕಲಿಸಿದ್ದು ಹಾಳಾಯಿತು ಅಂತ ಸಿಟ್ಟೂ ಬರುತ್ತದೆ. ನನ್ನ ಮಗ ಕಲಿತ, ಪೂರ್ತಿ ಕಲಿತ. ಮುಂದಿನ ಬೇಸಿಗೆಗೆ ಅಮ್ಮ ಬಂದರು. ಬಂದ ದಿನವೇ ಅನ್ನ ಸಾರು ಕಲಸಿ, ತುಪ್ಪ ಹಾಕಿ, ಮೊದಲ ತುತ್ತು ಹಿಡಿದರು. ಇವನು ಮುಖ ಹಿಂದಕ್ಕೆ ಎಳೆದುಕೊಂಡು ‘ನಾನೇ’ ಅಂದ. ಅಮ್ಮ ಮತ್ತೆ ಹಿಡಿದರು. ‘ಬೇಡ’ ಅಂದ. ಆ ಹೊತ್ತಿಗೆ ಅವನ ಬೇಡ ಕೂಡ ಇಲ್ಲಿನವರ ಬೇಡ ಆಗಿತ್ತು. ಅಮ್ಮ ಆ ತುತ್ತನ್ನು ತಾವೇ ತಿಂದರು, ಏನೂ ಅನ್ನಲಿಲ್ಲ. ವೀಸಾದ ಮೂರು ತಿಂಗಳೂ ಅವನು ಒಂದು ತುತ್ತು ಅವರ ಕೈಲಿ ತಿನ್ನಲಿಲ್ಲ. ಆಮೇಲೆ ಅಮ್ಮನಿಗೆ ಬರೋಕೆ ಆಗಲೇ ಇಲ್ಲ. ಅದೊಂದು ನನಗೆ ಇವತ್ತಿಗೂ ಕೊರೆಯುತ್ತದೆ.

ಅದಕ್ಕೇ ನೀವು ಹೊತ್ತು ಹಂಚಿಬಿಡಿ. ಬೆಳಗ್ಗೆ ತಿಂಡಿ, ಡಬ್ಬಿ ಎರಡೂ ಅವಳ ಕೈಲಿ. ರಾತ್ರಿ ಊಟ ಅಜ್ಜಿ ಕೈಲಿ, ಕಥೆ ಸಮೇತ. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಗುತ್ತದೆ. ಮತ್ತೆ ಪಡ್ಡಿನ ಕಾವಲಿ ತರುತ್ತಾರಾದರೆ ತಳ ಚಪ್ಪಟೆ ಇರೋದನ್ನೇ ನೋಡಿ ತರೋಕೆ ಹೇಳಿ. ಇಲ್ಲಿನ ಗಾಜಿನ ಒಲೆ ಮೇಲೆ ಗುಂಡು ತಳದ್ದು ಕೂರುವುದಿಲ್ಲ.