ಸೆಲ್ಲು ಸುಮ್ನೆ ಕಾಯ್ತಾ ಕೂತಿರಲ್ಲ ಮೇಡಂ

ನಮಸ್ಕಾರ ಮೇಡಂ,

ದೇಹದ ಯಾವ ಬಗೆಯ ಸೆಲ್ಲಾದ್ರೂ ಆಗಬಲ್ಲ ಸ್ಟೆಮ್ ಸೆಲ್ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಬೆಳೆದ ಇಲಿ ಸೆಲ್ಲನ್ನ ಮತ್ತೆ ಸ್ಟೆಮ್ ಸೆಲ್ ಥರ ಮಾಡಿದ ಯಮನಕ ಅವರ 2006ರ ಕೆಲಸದ ಪ್ಯಾರಾ ಹಾಗೇ ಹಾಕ್ಕೋಬಹುದು. ಉಳಿದದ್ದು ಓದ್ತಾ ಓದ್ತಾ ಸಿಟ್ಟು ಬಂತು, ಯಾಕಂದ್ರೆ ಜೊತೆಗಿನ ಪತ್ರದಲ್ಲಿ ನೀವೇ ಲ್ಯಾಬಲ್ಲಿ ಈ ಸೆಲ್ ಬೆಳೆಸ್ತೀನಿ, ಭಾನುವಾರಾನೂ ಮೀಡಿಯಾ (ಸೆಲ್‌ಗೆ ಹಾಕೋ ಪೋಷಕ ದ್ರವ) ಬದಲಾಯಿಸೋಕೆ ಹೋಗ್ತೀನಿ ಅಂತ ಬರ್ದಿದೀರಿ, ಲೇಖನ ನೋಡಿದ್ರೆ ಪ್ಲೇಟನ್ನ ಕಣ್ಣಲ್ಲೂ ಕಾಣದವರು ಬರೆದ ಹಾಗಿದೆ.

ಎರಡನೇ ಪ್ಯಾರಾ ತಗೊಳ್ಳಿ. "ಈ ಕೋಶಗಳು ಕುಂಬಾರನ ಮಣ್ಣಿನಂತೆ, ಯಾವ ರೂಪಕ್ಕಾದರೂ ಸಿದ್ಧವಾಗಿ ಕಾಯುತ್ತಿರುತ್ತವೆ." ಮಣ್ಣು ಮೂಲೇಲಿ ತಿಂಗಳು ಬಿದ್ದಿದ್ರೂ ಮಣ್ಣೇ. ನಿಮ್ಮ ಸೆಲ್ಲು ಹಾಗಾ? ಮೀಡಿಯಾ ತಪ್ಪಿದ್ರೆ, ಕಾಲೊನಿ ಅತಿಯಾಗಿ ದಟ್ಟ ಆದ್ರೆ, ಅಂಚಲ್ಲಿ ಚಪ್ಪಟೆಯಾಗಿ ತಮ್ಮ ಪಾಡಿಗೆ ಬೇರೇನೋ ಆಗೋಕೆ ಶುರು ಮಾಡ್ತವೆ, ಅಂಥವನ್ನ ಮೈಕ್ರೋಸ್ಕೋಪಲ್ಲಿ ಹುಡುಕಿ ಕೆರೆದು ತೆಗೆಯೋರು ನೀವೇ ಅಲ್ವಾ? ಇದ್ದ ಹಾಗೇ ಇರೋದೇ ಅವಕ್ಕೆ ದೊಡ್ಡ ಕೆಲಸ. "ಆಕ್ಟ್4 ಕೋಶದ ಬಹುಶಕ್ತತೆಯನ್ನು ಕಾಯುತ್ತದೆ" ಅಂತ, ಅಂದ್ರೆ ಯಾವ ಸೆಲ್ಲಾದ್ರೂ ಆಗೋ ಶಕ್ತೀನ ಆಕ್ಟ್4 ಅನ್ನೋ ಪ್ರೋಟೀನ್ ಕಾಯತ್ತೆ ಅಂತ, ಒಂದೇ ಸಾಲಲ್ಲಿ ಮುಗಿಸಿದೀರಿ. 2000ದಲ್ಲಿ ಜಪಾನಿನ ವಿಜ್ಞಾನಿ ಹಿತೋಶಿ ನಿವಾ ಮತ್ತವರ ಜೊತೆಗಾರರು ಇಲಿ ಸೆಲ್‌ಗಳಲ್ಲಿ ತೋರಿಸಿದ್ದು ಇದಕ್ಕಿಂತ ಮಜವಾಗಿದೆ: ಆಕ್ಟ್4 ಇಳಿಸಿದ್ರೆ ಸೆಲ್ಲು ಪ್ಲಾಸೆಂಟಾ ಕಡೆಯ ಜಾತಿಗೆ ಹೋಗತ್ತೆ, ಏರಿಸಿದ್ರೆ, ಅದೂ ಪೂರ್ತಿ ಎರಡರಷ್ಟೂ ಬೇಕಾಗಿಲ್ಲ, ಎಂಡೋಡರ್ಮ್ (ಒಳಪದರ), ಮೀಸೋಡರ್ಮ್ (ನಡುಪದರ) ಕಡೆ ವಾಲತ್ತೆ. ಹೆಚ್ಚಾದ್ರೂ ಕೆಟ್ಟಿತು, ಕಮ್ಮಿ ಆದ್ರೂ ಕೆಟ್ಟಿತು. ಇದನ್ನ ಬಿಟ್ಟು ಕುಂಬಾರನ್ನ ಯಾಕೆ ಕರೆತಂದ್ರಿ?

ಆಮೇಲೆ ಆಕ್ಟಿವಿನ್, ಸೆಲ್‌ಗೆ ಸೂಚನೆ ಕೊಡೋ ಪ್ರೋಟೀನ್. ನಾಲ್ಕನೇ ಪ್ಯಾರಾದಲ್ಲಿ "ಆಕ್ಟಿವಿನ್ ಮಾನವ ಕೋಶಗಳನ್ನು ಮೂಲಸ್ಥಿತಿಯಲ್ಲಿ ಉಳಿಸುತ್ತದೆ", ಏಳರಲ್ಲಿ "ಆಕ್ಟಿವಿನ್ ಅವನ್ನು ಎಂಡೋಡರ್ಮ್ ಆಗಿಸುತ್ತದೆ." ಎರಡೂ ಸರಿ ಅಂತ ನನಗೆ ಗೊತ್ತು, ಆದ್ರೆ ಓದುಗ ಪ್ರೂಫ್ ತಪ್ಪು ಅಂದ್ಕೊಂಡು ನಮಗೆ ಪತ್ರ ಬರೀತಾನೆ. ಎಫ್‌ಜಿಎಫ್2 ಅನ್ನೋ ಬೆಳವಣಿಗೆ ಪ್ರೋಟೀನ್ ಜೊತೆ ಸ್ವಲ್ಪ ಇದ್ರೆ ಉಳಿಸತ್ತೆ, ಮೀಡಿಯಾದಲ್ಲಿ ಸೀರಮ್ (ರಕ್ತದಿಂದ ತೆಗೆದ ದ್ರವ) ಕಮ್ಮಿ ಮಾಡಿ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಥರ ಸುರಿದ್ರೆ ಎಂಡೋಡರ್ಮಿಗೆ ತಳ್ಳತ್ತೆ, ಲಿವರ್, ಪ್ಯಾಂಕ್ರಿಯಾಸ್ ಸೆಲ್ ಮಾಡೋರು ಅಲ್ಲಿಂದಾನೇ ಹೊರಡೋದು. ಪ್ರಮಾಣ ಹೇಳದೆ ಹೆಸರು ಮಾತ್ರ ಹೇಳಿದ್ರೆ ಏನೂ ಹೇಳಿದ ಹಾಗಾಗಲ್ಲ.

ನಾನು ಡೆಸ್ಕಿಗೆ ಸೇರಿದ ಹೊಸತರಲ್ಲಿ ರಾತ್ರಿ ಪಾಳಿ, ತಾಲ್ಲೂಕು ವರದಿಗಾರರ ಕಾಪಿ ತಿದ್ದೋದು. "ನಾಲೆಗೆ ನೀರು ಬಿಡಲಾಗಿದೆ" ಅಂತ ಬಂದದ್ದನ್ನ ಹಾಗೇ ಮುಂದೆ ಕಳಿಸಿದ್ರೆ ಚೀಫ್ ಸಬ್ ಎಡಿಟರು ಪಕ್ಕದಲ್ಲಿ ಕೆಂಪು ಪೆನ್ನಿಂದ "ಯಾವ ಗೇಟು? ಎಷ್ಟೊತ್ತಿಗೆ? ಯಾವಾಗ ನಿಲ್ಲಿಸ್ತಾರೆ?" ಅಂತ ಗೀಚಿ ವಾಪಸ್ ಕೊಡೋರು, ನಾನು ಟ್ರಂಕ್ ಕಾಲ್ ಮಾಡಿ ಆ ವರದಿಗಾರನ್ನ ನಿದ್ದೆಯಿಂದ ಎಬ್ಬಿಸಿ ಬೈಸ್ಕೊಂಡು ಕೇಳ್ಬೇಕಿತ್ತು. ಕಾಫಿನೂ ಕೊಡಿಸ್ತಿರ್ಲಿಲ್ಲ ಆ ಮನುಷ್ಯ. ಈಗ ನಿಮ್ಮ ಹಾಳೆ ಪಕ್ಕದಲ್ಲೂ ಅವೇ ಪ್ರಶ್ನೆ ಬರೆದಿದೀನಿ.

"ಡಬ್ಲ್ಯುಎನ್‌ಟಿ ಸಂಕೇತ ನೀಡಿ ಹೃದಯಕೋಶ ಪಡೆಯಲಾಗುತ್ತದೆ." ಯಾವಾಗ ಕೊಟ್ರಿ, ಯಾವಾಗ ನಿಲ್ಲಿಸಿದ್ರಿ? ಡಬ್ಲ್ಯುಎನ್‌ಟಿ ಅನ್ನೋದು ಸೆಲ್ ಏನಾಗ್ಬೇಕು ಅಂತ ಹೇಳೋ ಸಂಕೇತದ ದಾರಿ, ಮೊದಲ ದಿನ ಚಿರ್ ಅನ್ನೋ ರಾಸಾಯನಿಕ ಹಾಕಿ ಆ ದಾರಿ ತೆರೀತಾರೆ, ಮೂರನೇ ದಿನದ ಹೊತ್ತಿಗೆ ಐಡಬ್ಲ್ಯುಪಿ ಅನ್ನೋ ಇನ್ನೊಂದನ್ನ ಹಾಕಿ ಅದನ್ನೇ ಮುಚ್ತಾರೆ, ಹಾಗೆ ತೆರೆದು ಮುಚ್ಚಿದ್ರೇನೇ ಎಂಟನೇ ದಿನದ ಆಸುಪಾಸಲ್ಲಿ ಪ್ಲೇಟಲ್ಲಿ ಬಡಿತ ಶುರುವಾಗೋದು, ತೆರೆದದ್ದನ್ನ ಮುಚ್ಚದೇ ಬಿಟ್ರೆ ಹೃದಯಕೋಶ ಅಷ್ಟು ಸಿಗಲ್ಲ. ದಿನ ಹಾಕಿ ಬರೀರಿ. ಬಡಿಯೋದನ್ನ ನೀವು ನೋಡಿದ್ರೆ ಅದನ್ನೂ ಬರೀರಿ, ಎಲ್ಲಿ ಮೊದಲು ಕಂಡಿತು, ಅಂಚಲ್ಲಾ ನಡುವೇನಾ.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಮಾನವ ಭ್ರೂಣದ ಸ್ಟೆಮ್ ಸೆಲ್ ಬೆಳೆಸಿದ್ದರ ಬಗ್ಗೆ ಅರ್ಧ ಪುಟ ಇದೆ, ನಮ್ಮ ಬೆಂಗಳೂರಿನ ಜಕ್ಕೂರಲ್ಲಿರೋ ಸಂಶೋಧನಾ ಕೇಂದ್ರ ಜೆಎನ್‌ಸಿಎಎಸ್‌ಆರ್‌ನಲ್ಲೇ ತಯಾರಾದ ಮಾನವ ಸ್ಟೆಮ್ ಸೆಲ್ ಲೈನ್‌ಗಳ (ಲ್ಯಾಬಲ್ಲಿ ಬೆಳೀತಾನೇ ಇರೋ ಸೆಲ್ ಸಂತತಿ) ಸುದ್ದೀನೇ ಇಲ್ಲ, ಎರಡು ಸಾಲು ಸೇರಿಸಿ. ಕೊನೇ ಪ್ಯಾರಾ, ಅದೇ "ಮನುಕುಲದ ಹೊಸ ಬೆಳಕು", ನಾನೇ ಹೊಡೆದುಹಾಕಿದೀನಿ, ವಾಪಸ್ ಸೇರಿಸ್ಬೇಡಿ.