ಪ್ಯಾನಲ್ ನೀವೇ ಕೂರಿಸಿ, ಆದರೆ ಆ ಸಾಕೆಟ್ ಮಾತ್ರ ಬೇಡ

ನಮಸ್ಕಾರ. 335 ವ್ಯಾಟಿನ ಎರಡು ಸೋಲಾರ್ ಪ್ಯಾನಲ್ ತಂದಿಟ್ಟಿದ್ದೀರಿ, ಮನೆಯಲ್ಲಿ 150 ಎಎಚ್ ಬ್ಯಾಟರಿ, ಇನ್ವರ್ಟರ್ ಮೊದಲೇ ಇದೆ, ಎಲೆಕ್ಟ್ರಿಷಿಯನ್ ಕರೆಯದೆ ನಾನೇ ಜೋಡಿಸಬಹುದಾ ಅಂತ ಕೇಳಿದ್ದೀರಿ. ಕೊನೆಗೆ ಇನ್ನೊಂದು ಸಾಲು ಇದೆ: ಇನ್ವರ್ಟರ್ ಔಟ್‌ಪುಟ್ ವೈರಿಗೆ ಪ್ಲಗ್ ಹಾಕಿ ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದಲ್ವಾ ಅಂತ.

ಆ ಕೊನೆಯ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸಾಕೆಟ್‌ಗೆ ಕೊಟ್ಟ ಕರೆಂಟ್ ನಿಮ್ಮ ಮನೆಯೊಳಗೇ ನಿಲ್ಲುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಲು ಒಂದು ದಿನ ಮರೆತರೂ ಸಾಕು, ಅದು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುತ್ತದೆ. ಹಿಂದಿನಿಂದ 230 ವೋಲ್ಟ್ ಕೊಟ್ಟರೆ ಅದೇ ಟ್ರಾನ್ಸ್‌ಫಾರ್ಮರ್ ಏರಿಸುವ ಕೆಲಸ ಮಾಡುತ್ತದೆ. ಅಕ್ಕಪಕ್ಕದ ಮನೆಗಳ ಲೋಡಿಗೆ ಇನ್ವರ್ಟರ್ ಟ್ರಿಪ್ ಆಗುತ್ತದೆ ಬಿಡಿ ಅಂತ ಕೆಲವರು ಹೇಳುತ್ತಾರೆ. ನಾನು ಶಿರಸಿ ಕಡೆಯವನು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದೇ ಲೈನ್ ಮೇಲೆ ಮರ ಬಿದ್ದು. ತಂತಿ ತುಂಡಾದ ಕಡೆಯಿಂದ ಈಚೆಗೆ ನಿಮ್ಮದೊಂದೇ ಮನೆ ಉಳಿದಿದ್ದರೆ? ಆಗ ಯಾವ ಲೋಡೂ ಇರುವುದಿಲ್ಲ, ತಂತಿಯಲ್ಲಿ ಕರೆಂಟ್ ಮಾತ್ರ ಇರುತ್ತದೆ. ಆ ತಂತಿ ಹಿಡಿಯುವವನು ಮಳೆಯಲ್ಲಿ ನೆನೆಯುತ್ತಾ ಬಂದ ಲೈನ್‌ಮನ್. ಲೈನ್ ಆಫ್ ಮಾಡಿಸಿಯೇ ಅವನು ಕಂಬ ಹತ್ತಿರುತ್ತಾನೆ.

ಇಡೀ ಮನೆಗೆ ಬೇಕೆಂದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಒಂದು ಹೊತ್ತಿಗೆ ಒಂದೇ ಕಡೆಯ ಕರೆಂಟ್ ಬರುವ ಹಾಗೆ ಅದರ ರಚನೆಯೇ ಇರುತ್ತದೆ. ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು, ನಿಮ್ಮದಲ್ಲ.

ಇನ್ನು ಪ್ಯಾನಲ್ ವಿಷಯ. ಸ್ಟ್ಯಾಂಡ್ ಕೂರಿಸುವುದು, ಕೇಬಲ್ ಎಳೆಯುವುದು, ಚಾರ್ಜ್ ಕಂಟ್ರೋಲರ್ (ಪ್ಯಾನಲ್ ಕರೆಂಟನ್ನು ಬ್ಯಾಟರಿಗೆ ಹದವಾಗಿ ಕೊಡುವ ಪೆಟ್ಟಿಗೆ) ಗೋಡೆಗೆ ಹಾಕುವುದು, ಇದನ್ನೆಲ್ಲ ನೀವೇ ಮಾಡಬಹುದು. ಒಂದು ಮಾತು ಮಾತ್ರ ಸದಾ ನೆನಪಿರಲಿ: ಮೇಲೆ ಬಿಸಿಲಿದ್ದಷ್ಟು ಹೊತ್ತು ಪ್ಯಾನಲ್ ಆನ್ ಆಗಿಯೇ ಇರುತ್ತದೆ. ಅದಕ್ಕೆ ಸ್ವಿಚ್ ಇಲ್ಲ.

ಇದು ನನಗೆ ಗೊತ್ತಾದದ್ದು ಹೀಗೆ. ನಮ್ಮ ಮನೆಯಲ್ಲಿ ನಾಲ್ಕು ಪ್ಯಾನಲ್ ಸೀರೀಸ್‌ನಲ್ಲಿವೆ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ. ವೋಲ್ಟೇಜ್ ಕೂಡುತ್ತಾ ಹೋಗಿ ಹೆಚ್ಚುಕಡಿಮೆ 180 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್). ಕೂರಿಸಿದವರು ಆ ಲೈನಿಗೆ ಮನೆಯ ಮಾಮೂಲಿ ಎಸಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿ ಹೋಗಿದ್ದರು. ಒಂದು ಮಧ್ಯಾಹ್ನ ಕಂಟ್ರೋಲರ್ ಒರೆಸೋಣ ಅಂತ ಅದನ್ನು ಆಫ್ ಮಾಡಿದೆ. ಗುಂಡಿ ಕೆಳಗೆ ಬಂತು, ಒಳಗೆ ಜುಂಯ್ ಅನ್ನುವ ಸದ್ದು ಮಾತ್ರ ನಿಲ್ಲಲಿಲ್ಲ. ಸಂದಿಯಲ್ಲಿ ನೀಲಿ ಬೆಳಕು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮಗ ಅಡಿಕೆ ಮುಚ್ಚುವ ತಾಡಪಾಲು ಹೊತ್ತು ಮೇಲೆ ಓಡಿದ. ಪ್ಯಾನಲ್ ಮುಚ್ಚಿದ ಮೇಲೆಯೇ ಅದು ಆರಿದ್ದು. ಆ ಎಂಸಿಬಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಒಂದು ಬದಿ ಮೇಣದ ಹಾಗೆ ಕರಗಿ ಇಳಿದಿದೆ.

ಕಾರಣ ಇಷ್ಟೇ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಸ್ವಿಚ್ ಬಿಡಿಸಿದಾಗ ಕಿಡಿ ತಾನಾಗಿ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಎಳೆದುಕೊಂಡು ಉರಿಯುತ್ತಲೇ ಇರುತ್ತದೆ. ಅದಕ್ಕೇ ಪ್ಯಾನಲ್ ಲೈನಿಗೆ ಡಿಸಿ ಎಂಸಿಬಿಯೇ ಬೇಕು. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನಲ್ ವೈರಿನ ತುದಿಯ ಜೋಡಣೆ) ಎಳೆಯಬೇಡಿ. ಕೆಲಸವನ್ನು ಸಂಜೆ ಇಟ್ಟುಕೊಳ್ಳಿ, ಇಲ್ಲವೇ ಪ್ಯಾನಲ್ ಮೇಲೆ ದಪ್ಪ ತಾಡಪಾಲು ಹೊದಿಸಿ.

ನಿಮ್ಮ ಎರಡು ಪ್ಯಾನಲನ್ನು ಪ್ಯಾರಲಲ್ ಮಾಡಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ವೋಲ್ಟೇಜ್ 50ರ ಒಳಗೇ ಉಳಿಯುತ್ತದೆ. ಆದರೆ ಒಂದೇ 12 ವೋಲ್ಟ್ ಬ್ಯಾಟರಿಗೆ ಎರಡು ಪ್ಯಾನಲ್ ಜಾಸ್ತಿ ಆಯಿತು. ಒಳ್ಳೆ ಬಿಸಿಲಿಗೆ 50 ಆಂಪಿಯರ್ ಹತ್ತಿರ ಬರುತ್ತದೆ. 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ 15 ಆಂಪಿಯರ್ ಆಸುಪಾಸು ಹಿತ. ಹಾಗಾಗಿ ಚಾರ್ಜಿಂಗ್ ಮಿತಿ ಇಡಲು ಬರುವ ಎಂಪಿಪಿಟಿ ಕಂಟ್ರೋಲರನ್ನೇ (ಪ್ಯಾನಲಿನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವ ಬಗೆ) ತನ್ನಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್.

ಬ್ಯಾಟರಿ ಬರೀ 12 ವೋಲ್ಟ್ ಅಲ್ವಾ ಅಂತ ಸಸಾರ ಮಾಡಬೇಡಿ. ಎರಡು ಟರ್ಮಿನಲ್‌ಗೂ ಸ್ಪ್ಯಾನರ್ ತಾಗಿದರೆ ಅದು ಅಲ್ಲೇ ಬೆಸೆದುಕೊಂಡು ಕೆಂಪಗೆ ಕಾಯುತ್ತದೆ. ಉಂಗುರ, ಕೈಗಡಿಯಾರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಪ್ಲಸ್ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿ ಆಡುವ ಜಾಗದಲ್ಲಿಡಿ, ದೇವರ ದೀಪದ ಹತ್ತಿರ ಬೇಡ.

ಇದೆಲ್ಲಕ್ಕೂ ಮೊದಲು ಮನೆಯ ಅರ್ಥಿಂಗ್ ಚೆಕ್ ಮಾಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಹಸಿರು ವೈರೇ ಇರುವುದಿಲ್ಲ. ಪ್ಯಾನಲ್ ಫ್ರೇಮಿಗೂ ಅರ್ಥ್ ಬೇಕು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. 16 ಆಂಪಿಯರ್ ಎಂಸಿಬಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದು ಇರುವುದು ವೈರ್ ಸುಡದಿರಲಿ ಅಂತ. ಮನುಷ್ಯನನ್ನು ಕೊಲ್ಲಲು ಅದರ ನೂರನೇ ಒಂದು ಪಾಲು ಸಾಕು, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ಸಬ್ಸಿಡಿ ಬಗ್ಗೆಯೂ ಕೇಳಿದ್ದೀರಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಿಗುತ್ತದೆ. ಆದರೆ ಅದು ಗ್ರಿಡ್‌ಗೆ, ಅಂದರೆ ಕಂಬದ ಲೈನಿಗೆ ಸೇರಿಸಿ, ನೋಂದಾಯಿತ ವೆಂಡರ್ ಹಾಕಿದ್ದಕ್ಕೆ ಮಾತ್ರ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಅದನ್ನು ಹಾಗೆ ಮಾಡಿರುವುದೂ ಆ ಲೈನ್‌ಮನ್‌ಗಾಗಿಯೇ. ನಿಮ್ಮ ಕಷ್ಟ ಇರುವುದೇ ಕರೆಂಟ್ ಹೋಗುವುದರದ್ದು, ಹಾಗಾಗಿ ಈಗಿರುವ ಬ್ಯಾಟರಿ ವ್ಯವಸ್ಥೆಯೇ ಸರಿ.

ಪ್ಯಾನಲ್ ಹಿಂದಿನ ಸ್ಟಿಕ್ಕರ್ ಫೋಟೊ ಹಾಕಿ, ಛಾವಣಿಯಿಂದ ಬ್ಯಾಟರಿಗೆ ಎಷ್ಟು ಮೀಟರ್ ಅಂತಲೂ ತಿಳಿಸಿ. ಎಷ್ಟು ದಪ್ಪದ ಕೇಬಲ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.