ನನ್ನ ಟರಾಂಟುಲಾ ಜೇಡ ಬೆನ್ನ ಮೇಲೆ ಮಲಗಿದೆ. ಸತ್ತುಹೋಯಿತಾ?

ಒಂದು ತಿಂಗಳಿಂದ ಏನೂ ತಿಂದಿಲ್ಲ, ಇವತ್ತು ನೋಡಿದರೆ ಬೆನ್ನ ಮೇಲೆ ಬಿದ್ದುಕೊಂಡಿದೆ, ಕಾಲು ಮೇಲಕ್ಕೆ ಚಾಚಿದೆ, ತಿರುಗಿಸಿ ಹಾಕಲಾ, ನೀರು ಚಿಮುಕಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಜೇಡ ಸತ್ತಿಲ್ಲ, ಪೊರೆ ಬಿಡುತ್ತಿದೆ. ತೊಟ್ಟಿಯನ್ನು ಅಲುಗಾಡಿಸಬೇಡಿ. ಮುಚ್ಚಳ ತೆಗೆಯುವುದಕ್ಕೆ ಈಗ ಒಂದೇ ಕಾರಣ ಇರಬಹುದು: ಮೇವಿಗೆ ಅಂತ ಬಿಟ್ಟ ಹುಳ ಒಳಗೆ ಇನ್ನೂ ಓಡಾಡುತ್ತಿದ್ದರೆ, ಉದ್ದನೆಯ ಚಿಮುಟದಿಂದ ಮೆಲ್ಲಗೆ ಅದನ್ನು ಹೊರಗೆ ತೆಗೆಯಿರಿ. ಪೊರೆ ಬಿಡುವಾಗ ಜೇಡದ ಮೈ ಮೆತ್ತಗಿರುತ್ತದೆ. ಓಡುವುದಕ್ಕೂ ಆಗುವುದಿಲ್ಲ, ಕಚ್ಚುವುದಕ್ಕೂ ಆಗುವುದಿಲ್ಲ. ಹಸಿದ ಚಿಮ್ಮಂಡೆ ಒಂದು ಸಿಕ್ಕಿದರೂ ಸಾಕು, ಜೇಡವನ್ನೇ ಕಡಿದು ತಿನ್ನುತ್ತದೆ.

ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಅಂತ ನಿಮಗೆ ಅನ್ನಿಸಬಹುದು. ಸಾಯುವ ಜೇಡ ಸಾಮಾನ್ಯವಾಗಿ ಹೀಗೆ ಅಂಗಾತ ಮಲಗುವುದಿಲ್ಲ. ನಿಂತ ಭಂಗಿಯಲ್ಲೇ ಕುಸಿದು, ಎಂಟೂ ಕಾಲನ್ನು ಮೈಯಡಿಗೆ ಸುರುಟಿಕೊಳ್ಳುತ್ತದೆ. ಜೇಡಕ್ಕೆ ಕಾಲು ಮಡಚುವ ಸ್ನಾಯು ಚೆನ್ನಾಗಿದೆ. ಆದರೆ ಕಾಲಿನ ಎರಡು ಮುಖ್ಯ ಕೀಲುಗಳನ್ನು ಚಾಚುವ ಸ್ನಾಯುವೇ ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ, ಆ ಒತ್ತಡದಿಂದಲೇ ಕಾಲು ಚಾಚುತ್ತದೆ. ಜೀವ ಹೋಗುವಾಗ, ಅಥವಾ ಮೈಯಲ್ಲಿ ನೀರಿನ ಅಂಶ ಬತ್ತಿದಾಗ, ಒತ್ತಡ ಇಳಿದು ಕಾಲುಗಳು ತಾವಾಗೇ ಒಳಕ್ಕೆ ಮಡಚಿಕೊಳ್ಳುತ್ತವೆ. ನಿಮ್ಮದರ ಕಾಲು ಚಾಚಿವೆ ಅಂದರೆ ಒಳಗೆ ಒತ್ತಡ ಇನ್ನೂ ಇದೆ.

ತಿಂಗಳ ಉಪವಾಸಕ್ಕೂ ಇದೇ ಕಾರಣ. ಹಳೆ ಚರ್ಮದ ಕೆಳಗೆ ಹೊಸದು ತಯಾರಾಗುವಾಗ ಟರಾಂಟುಲಾ ಊಟ ಬಿಡುತ್ತದೆ. ಬಣ್ಣ ಮಂಕಾಗುತ್ತದೆ, ಓಡಾಟ ಕಮ್ಮಿಯಾಗುತ್ತದೆ. ಹೊಟ್ಟೆಯ ಮೇಲೆ ಕೂದಲು ಉದುರಿ ಬೋಳಾದ ಜಾಗ ಇದ್ದರೆ ಅದು ಕಪ್ಪಗಾಗುತ್ತದೆ. ಅದು ಒಳಗಿನ ಹೊಸ ಕೂದಲು ಹಳೆ ಚರ್ಮದ ಮೂಲಕ ಕಾಣುತ್ತಿರುವುದು. ಜೇಡ ಮಲಗಿರುವ ಜಾಗವನ್ನು ದೂರದಿಂದಲೇ ನೋಡಿ. ಕೆಳಗೆ ತೆಳ್ಳನೆಯ ಬಲೆಯ ಹಾಸು ಕಾಣಬಹುದು. ಪೊರೆ ಬಿಡುವುದಕ್ಕೆಂದೇ ಅದು ನೇಯ್ದುಕೊಂಡ ಹಾಸು ಅದು.

ಅದೃಷ್ಟ ಇದ್ದರೆ ಮುಂದಿನದ್ದನ್ನು ನೀವು ಕಣ್ಣಾರೆ ನೋಡುತ್ತೀರಿ. ಹೊಟ್ಟೆಯಲ್ಲಿದ್ದ ದ್ರವ ಮುಂಭಾಗಕ್ಕೆ ಪಂಪ್ ಆಗುತ್ತದೆ. ಬೆನ್ನಿನ ಚಿಪ್ಪು ಅಂಚಿನ ಸುತ್ತ ಬಿರಿದು ಬಿಟ್ಟುಕೊಳ್ಳುತ್ತದೆ. ಹೊಟ್ಟೆಯ ಪಕ್ಕದ ಚರ್ಮ ಹರಿದು, ಒಳಗಿಂದ ಹೊಳೆಯುವ ಹೊಸ ಕೂದಲು ಇಣುಕುತ್ತದೆ. ಆಮೇಲೆ ಕಾಲುಗಳ ಸರದಿ. ಒದ್ದೆ ಕೈಗವಸಿನಿಂದ ಬೆರಳು ಎಳೆದುಕೊಳ್ಳುವ ಹಾಗೆ ಎಂಟು ಕಾಲು, ಬಾಯಿ ಪಕ್ಕದ ಎರಡು ಪುಟ್ಟ ಕೈ, ಎಲ್ಲವನ್ನೂ ಒಟ್ಟಿಗೆ ಇಷ್ಟಿಷ್ಟೇ ಎಳೆಯುತ್ತದೆ. ಒಂದು ಎಳೆತ, ಸ್ವಲ್ಪ ವಿಶ್ರಾಂತಿ, ಮತ್ತೊಂದು ಎಳೆತ. ಕೊನೆಗೆ ಕಾಲಿನ ತುದಿಗಳು ಹೊರಬಂದಾಗ ಮಸುಕು ಬಣ್ಣದ, ತೇವದ ಜೇಡ ಒಂದು ಕಡೆ, ತನ್ನದೇ ಅಚ್ಚಿನ ಖಾಲಿ ಚರ್ಮ ಇನ್ನೊಂದು ಕಡೆ. ಆ ಖಾಲಿ ಚರ್ಮದಲ್ಲಿ ಕೋರೆಹಲ್ಲಿನ ಹೊದಿಕೆ ಇರುತ್ತದೆ. ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿರುವ ಶ್ವಾಸಕೋಶದ ಒಳಪದರ, ಆಹಾರ ಹೀರುವ ಜಠರದ ಒಳಪದರ ಕೂಡ ಇರುತ್ತದೆ. ಮೈಯೊಳಗಿನ ಲೈನಿಂಗ್ ಕೂಡ ಬದಲಾಯಿಸುವ ಪ್ರಾಣಿ ಇದು. ಎಷ್ಟು ಸಲ ನೋಡಿದರೂ ನನಗೆ ಇದು ಹಳೆಯದಾಗಿಲ್ಲ.

ಸಣ್ಣ ಮರಿಗಳಿಗೆ ಇದೆಲ್ಲ ಅರ್ಧ ಗಂಟೆಯೊಳಗೆ ಮುಗಿಯಬಹುದು. ದೊಡ್ಡ ಜೇಡಕ್ಕೆ ಹಲವು ಗಂಟೆ ಬೇಕು. ಇಡೀ ರಾತ್ರಿ ಹಿಡಿದರೂ ಗಾಬರಿ ಬೀಳಬೇಡಿ. ನಡುವೆ ಏನೂ ಅಲುಗದೆ ಮಲಗಿದ್ದಾಗ ಸಹಾಯ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ಹೊಸ ಚರ್ಮ ಎಷ್ಟು ಮೆದುವೆಂದರೆ, ಬ್ರಶ್ ತುದಿ ತಾಗಿದರೂ ಗಾಯವಾಗಬಹುದು. ಒಂದು ಕಾಲು ಸಿಕ್ಕಿಹಾಕಿಕೊಂಡರೂ ಅದೇ ಅಂತ್ಯ ಅಂದುಕೊಳ್ಳಬೇಡಿ. ಜೇಡ ಆ ಕಾಲನ್ನೇ ಕಳಚಿಕೊಳ್ಳಬಲ್ಲದು. ಮುಂದಿನ ಪೊರೆಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ಮೊದಲು ಸಣಕಲಾಗಿ, ಆಮೇಲೆ ಸರಿಯಾದ ಅಳತೆಗೆ.

ಇನ್ನು ನೀರಿನ ವಿಷಯ. ಜೇಡದ ಮೇಲೆ ಚಿಮುಕಿಸಬೇಡಿ. ಗಾಳಿ ತೀರಾ ಒಣಗಿದೆ ಅನ್ನಿಸಿದರೆ, ಅದು ಮಲಗಿರುವ ಮೂಲೆಗೆ ದೂರವಾಗಿ, ಇನ್ನೊಂದು ಬದಿಯ ಮಣ್ಣಿಗೆ ನಿಧಾನವಾಗಿ ಸ್ವಲ್ಪ ನೀರು ಬಿಡಿ. ಅಷ್ಟು ಸಾಕು.

ಪೊರೆ ಬಿಟ್ಟ ಮೇಲೆ ಅದು ಕಾಲು ಚಾಚಿ, ಮಡಚಿ, ವಿಚಿತ್ರವಾಗಿ ಮೈಮುರಿಯುತ್ತದೆ. ಕೋರೆಹಲ್ಲು ಬಿಚ್ಚಿ ಮುಚ್ಚುತ್ತದೆ. ಹೊಸ ಚರ್ಮ ಬಿಗಿಯಾಗುವ ಮೊದಲು ಕೀಲುಗಳನ್ನು ಸಡಿಲ ಮಾಡಿಕೊಳ್ಳುವುದು ಅದು. ಆ ಕೋರೆಹಲ್ಲುಗಳನ್ನು ಗಮನಿಸಿ. ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವವರೆಗೂ ಮೇವು ಕೊಡಬೇಡಿ. ನಿಮ್ಮದು ಮೆಕ್ಸಿಕನ್ ರೆಡ್ ನೀ ಎಂಬ ಜಾತಿಯ ಬೆಳೆದ ಟರಾಂಟುಲಾ ಅಂದಿರಿ, ಹಾಗಾಗಿ ಎರಡು ವಾರ ಕಾಯಿರಿ. ಇನ್ನೂ ನಾಲ್ಕು ದಿನ ಜಾಸ್ತಿ ಕಾದರೂ ನಷ್ಟ ಇಲ್ಲ. ನೀರಿನ ತಟ್ಟೆ ಮಾತ್ರ ತುಂಬಿರಲಿ. ಸ್ಪಂಜು ಬೇಡ, ತೆರೆದ ನೀರು ಬೇಕು. ಜೇಡ ನೇರವಾಗಿ ಬಾಯಿಟ್ಟು ಕುಡಿಯುತ್ತದೆ.

ನಿಮ್ಮ ತೊಟ್ಟಿಯ ವಿವರ ಓದಿ ನನಗೆ ನಿಜವಾಗಿ ಚಿಂತೆಯಾಗಿದ್ದು ಬೇರೆ ಕಡೆ. ಎತ್ತರದ ತೊಟ್ಟಿ, ಕಬ್ಬಿಣದ ಜಾಲರಿ ಮುಚ್ಚಳ, ಮೇಲೆ ಬಿಸಿ ದೀಪ ಅಂತ ಬರೆದಿದ್ದೀರಿ. ದೀಪವನ್ನು ಈಗಲೇ ಆರಿಸಿ. ನಮಗೆ ಹಿತವಾಗಿರುವ ಕೋಣೆಯ ಬಿಸಿ ಅದಕ್ಕೂ ಸಾಕು. ದೀಪ ಅದರ ಮೈಯನ್ನು ಒಣಗಿಸುತ್ತದೆ. ಪೊರೆ ಅಂಟಿಕೊಳ್ಳುವ ತೊಂದರೆ ಅಲ್ಲಿಂದಲೇ ಶುರುವಾಗಬಹುದು.

ಎತ್ತರ ಇನ್ನೂ ಅಪಾಯ. ರೆಡ್ ನೀ ನೆಲದ ಜೇಡ, ಮೈಭಾರ. ಗಾಜು ಹತ್ತಿ ಮೇಲಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಮಣ್ಣಿನ ಮೇಲ್ಮೈಯಿಂದ ಮುಚ್ಚಳಕ್ಕೆ ಇರುವ ಅಂತರ, ಜೇಡ ಕಾಲು ಚಾಚಿದ ಅಳತೆಯ ಒಂದೂವರೆ ಪಟ್ಟು ಮೀರಬಾರದು. ಹೊಸ ತೊಟ್ಟಿ ತರಬೇಕಾಗಿಲ್ಲ. ತೆಂಗಿನ ನಾರಿನ ಪುಡಿಯನ್ನೋ ಗೊಬ್ಬರ ಹಾಕದ ಮಣ್ಣನ್ನೋ ಇನ್ನೂ ತುಂಬಿ, ಒತ್ತಿ, ನೆಲವನ್ನೇ ಎತ್ತರಿಸಿ. ಜಾಲರಿಯಲ್ಲಿ ಅದರ ಕಾಲಿನ ಉಗುರು ಸಿಕ್ಕಿಕೊಳ್ಳುತ್ತದೆ. ತೂತು ಕೊರೆದ ಅಕ್ರಿಲಿಕ್ ಹಾಳೆ ಹಾಕಿ. ಈ ಬದಲಾವಣೆಯೆಲ್ಲ ಕೋರೆಹಲ್ಲು ಕಪ್ಪಾದ ಮೇಲೆ, ಇವತ್ತಲ್ಲ. ಹಾಗೇ ಆ ಕೋಣೆಯಲ್ಲಿ ಜಿರಳೆ ಸ್ಪ್ರೇ, ಸೊಳ್ಳೆ ಓಡಿಸುವ ದ್ರವ ಯಾವತ್ತೂ ಬೇಡ. ಹುಳ ಕೊಲ್ಲುವ ಔಷಧ ಜೇಡವನ್ನೂ ಕೊಲ್ಲುತ್ತದೆ.

ಕೈ ಮೇಲೆ ಬಿಟ್ಟುಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ನಾನು ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಅದರಿಂದ ಏನೂ ಸಂತೋಷ ಇಲ್ಲ, ಬಿದ್ದರೆ ಪ್ರಾಣ ಹೋಗುತ್ತದೆ. ನಿಮಗೂ ತೊಂದರೆ ಇದೆ. ಗಾಬರಿಯಾದರೆ ಅದು ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಮುಳ್ಳುಗೂದಲನ್ನು ಉಜ್ಜಿ ಗಾಳಿಗೆ ಹಾರಿಸುತ್ತದೆ. ಚರ್ಮಕ್ಕೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ವೈದ್ಯರ ಹತ್ತಿರ ಓಡಬೇಕು. ಬಿಟ್ಟ ಪೊರೆಯಲ್ಲೂ ಆ ಕೂದಲು ಇರುತ್ತದೆ. ಹಾಗಾಗಿ ಅದನ್ನು ಚಿಮುಟದಲ್ಲೇ ಎತ್ತಿ.

ಎತ್ತಿದ ಪೊರೆಯನ್ನು ಬಿಸಾಡಬೇಡಿ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ನಿಧಾನವಾಗಿ ಬಿಡಿಸಿ. ಒಳಬದಿಯಲ್ಲಿ ನಾಲ್ಕು ಬಿಳಿ ಮಚ್ಚೆ ಕಾಣುತ್ತವೆ, ಅವು ಶ್ವಾಸಕೋಶದ ಜಾಗ. ಕಾಲಿನ ಕಡೆಗಿರುವ ಎರಡು ಮಚ್ಚೆಗಳ ನಡುವೆ ಪುಟ್ಟ ಮಡಿಕೆಯಂಥ ಚೀಲ ಎದ್ದುನಿಂತಿದ್ದರೆ ಹೆಣ್ಣು. ಇಲ್ಲದಿದ್ದರೆ ಬಹುಶಃ ಗಂಡು. ಇದು ಸುಮ್ನೆ ಕುತೂಹಲಕ್ಕೆ ಹೇಳುತ್ತಿಲ್ಲ. ಗಂಡು ಪ್ರಾಯಕ್ಕೆ ಬಂದ ಮೇಲೆ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ. ಹೆಣ್ಣು ರೆಡ್ ನೀ 20 ವರ್ಷ ದಾಟಿ ಬದುಕಬಲ್ಲದು, ಬದುಕಿರುವಷ್ಟು ದಿನ ಪೊರೆ ಬಿಡುತ್ತಲೇ ಇರುತ್ತದೆ. ಟರಾಂಟುಲಾದ ದೂರದ ಸಂಬಂಧಿ, ಬಿಲದ ಬಾಯಿಗೆ ಬಾಗಿಲು ಕಟ್ಟಿಕೊಳ್ಳುವ ಒಂದು ಜೇಡ, ಪಶ್ಚಿಮ ಆಸ್ಟ್ರೇಲಿಯಾದ ಕಾಡಿನಲ್ಲಿ 43 ವರ್ಷ ಬದುಕಿತ್ತು. ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಅದರ ಬಿಲಕ್ಕೆ ಗುರುತು ಹಾಕಿ, 16 ಅಂತ ನಂಬರ್ ಕೊಟ್ಟಿದ್ದರು. 2016ರಲ್ಲಿ ಅದು ಇಲ್ಲವಾಯಿತು. ನಿಮ್ಮದು ಹೆಣ್ಣಾದರೆ, ನೀವು ಊರು ಬಿಟ್ಟರೆ ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಯೋಚನೆ ಮಾಡಿಡಿ.

ಗೆಳೆಯರು ಕೊಟ್ಟದ್ದು ಅಂದಿರಿ. ಅದು ಎಲ್ಲಿ ಹುಟ್ಟಿದ್ದು ಅಂತ ಅವರನ್ನು ಒಮ್ಮೆ ಕೇಳಿ. ಈ ಜೇಡಗಳನ್ನು ಮೆಕ್ಸಿಕೋದ ಕಾಡಿನಿಂದ ಹಿಡಿದು ಮಾರಿದ್ದು ಎಷ್ಟು ಜಾಸ್ತಿಯಾಯಿತೆಂದರೆ, 1985ರಲ್ಲೇ ಸೈಟಿಸ್ ಒಪ್ಪಂದದ, ಅಂದರೆ ಕಾಡುಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ, ಎರಡನೇ ಪಟ್ಟಿಗೆ ಸೇರಿಸಬೇಕಾಯಿತು. ನಿಧಾನವಾಗಿ ಬೆಳೆಯುವ ಪ್ರಾಣಿ, ಕಾಡಲ್ಲಿ ಕಳೆದುಹೋದದ್ದು ಬೇಗ ತುಂಬುವುದಿಲ್ಲ. ಇನ್ನೊಂದು ತರುವುದಾದರೆ ಸಾಕಿದವರ ಹತ್ತಿರ ಮೊಟ್ಟೆಯೊಡೆದು ಬೆಳೆದ ಮರಿಯನ್ನೇ ತನ್ನಿ. ನಿಮ್ಮ ದೇಶದ ಕಾನೂನು ಸಾಕುವುದಕ್ಕೆ ಬಿಡುತ್ತದಾ ಅಂತಲೂ ಮೊದಲು ನೋಡಿ.

ಕೊನೆಗೆ ನಿಮ್ಮ ತಂಗಿಯ ಸನ್ಯಾಸಿ ಏಡಿ (ಹರ್ಮಿಟ್ ಕ್ರ್ಯಾಬ್), ಅಂದರೆ ಖಾಲಿ ಶಂಖದೊಳಗೆ ವಾಸ ಮಾಡುವ ಏಡಿ. ಮೂರು ವಾರದಿಂದ ಮರಳಿನಡಿ ಹೋಗಿ ಕೂತಿದೆ, ಅಗೆದು ನೋಡಲಾ ಅಂದಿದ್ದಾರೆ. ಅಗೆಯಬೇಡಿ ಅಂತ ಹೇಳಿ. ಅದೂ ಬಹುಶಃ ಪೊರೆ ಬಿಡುವುದಕ್ಕೇ ಹೋಗಿರುವುದು. ದೊಡ್ಡ ಏಡಿಗಳು ಎರಡು ತಿಂಗಳು ಕೂಡ ಒಳಗಿರುತ್ತವೆ. ಸತ್ತಿದ್ದರೆ ಕೊಳೆತ ಮೀನಿನ ವಾಸನೆ ತಾನಾಗೇ ಬರುತ್ತದೆ. ಮರಳು ಹದವಾಗಿ ಒದ್ದೆ ಇರಲಿ, ಒಣಗಿದರೆ ಅದು ತೋಡಿಕೊಂಡ ಗೂಡು ಕುಸಿಯುತ್ತದೆ. ಹೊರಗೆ ಕ್ಲೋರಿನ್ ಇಲ್ಲದ ಸಿಹಿನೀರು ಒಂದು ಬಟ್ಟಲು, ಉಪ್ಪುನೀರು ಒಂದು ಬಟ್ಟಲು ಇಟ್ಟಿರಲಿ. ಅದು ಮೇಲೆ ಬಂದಾಗ ಪೊರೆಯೂ ಹೊರಗೆ ಕಂಡರೆ, ಜೇಡದ್ದನ್ನು ಎತ್ತಿದ ಹಾಗೆ ಅದನ್ನು ಎತ್ತಬಾರದು. ಏಡಿ ತನ್ನ ಪೊರೆಯನ್ನು ತಾನೇ ತಿನ್ನುತ್ತದೆ. ಅದರ ಮೈಯ ಹೊಸ ಹೊರಕವಚ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ ಆ ಪೊರೆಯಲ್ಲೇ ಇದೆ.